ಕುಡಿದದ್ದರ ಲೆಕ್ಕ

ಹೊಳೆ ನೀರಿಗೆ ದೊಣೆನಾಯಕನ ಅಪ್ಪಣೆಯೇ?
ಹೌದು. ಸೌತ್ ಪ್ಲಾಟ್ ದಂಡೆಯಲ್ಲಿ ಹೌದು.
ಆ ನಾಯಕ ನನ್ನ ಅಪ್ಪ, ಯೂಸೇಬಿಯೊ;
ದೊಣ್ಣೆಯ ಬದಲು ತೂಬಿನ ಕೀಲಿ,
ಕುದುರೆ ಸತ್ತ ಮೇಲೆ ಒಂದು ಲಟಾರಿ ಟ್ರಕ್ಕು,
ಎದೆಯ ಜೇಬಿನಲ್ಲಿ ಅಂಗೈ ಅಗಲದ ನೋಟುಬುಕ್ಕು.

'ರೋಥ್. ಎರಡು ಕ್ಯುಸೆಕ್. ಮೂರು ದಿನ. ಕುದುರೆ ಮೆಂತೆಗೆ.'
'ಬೀಟಿಗೆ ನಾಳೆ.'
'ತೂಬಿನಲ್ಲಿ ಸತ್ತ ಮುಳ್ಳುಹಂದಿ. ತೆಗೆದೆ.'
ಹೀಗೆ ಮೂವತ್ತೊಂದು ಪುಸ್ತಕ.
ಈಗ ಅವು ಸಾಕ್ಷ್ಯ;
ಒಂದೊಂದರ ಬೆನ್ನಿಗೂ ನೀರಿನ ಕೋರ್ಟಿನ ಚೀಟಿ.

ಹೊಳೆ ಎಂದೋ ಮಲಗಿ ಎದ್ದುಹೋದ ಹಾಸಿಗೆ ಈ ಬಯಲು,
ಅಡಿಯಲ್ಲಿ ನಲವತ್ತು ಅಡಿ ಜಲ್ಲಿ.
ಜಲ್ಲಿ ಎತ್ತಿದರೆ ನೀರು ತಾನಾಗಿ ಕಣ್ಣು ಬಿಡುತ್ತದೆ,
ಕಣ್ಣು ಬಿಟ್ಟ ನೀರನ್ನು ಆಕಾಶ ಬಿಡುವುದಿಲ್ಲ.
ವರ್ಷಕ್ಕೆ ಮೂರಡಿ ಆಳ ಹೀರುತ್ತದೆ,
ಅಷ್ಟೂ ಹೊಳೆಯ ಸಾಲ.
ಲಾರಿಯಿಂದ ತೊಟ್ಟಿಕ್ಕುತ್ತ ಹೋಗುವ ಜಲ್ಲಿಯ ಒದ್ದೆಗೂ ಲೆಕ್ಕವಿದೆ,
ತೂಕದಲ್ಲಿ ನೂರಕ್ಕೆ ನಾಲ್ಕು.
ರಸ್ತೆಯ ಧೂಳಿಗೆ ಚಿಮುಕಿಸಿದ್ದಕ್ಕೂ.
ತೀರಿಸಬೇಕು, ತಿಂಗಳು ತಿಂಗಳು,
ದುಡ್ಡಿನಿಂದಲ್ಲ, ನೀರಿನಿಂದ.

ಅದಕ್ಕೇ ಕಂಪನಿ ಲವೀನಾ ರೋಥ್ ಅವರ ನೀರು ಕೊಂಡಿತು.
ಹೊಲವಲ್ಲ, ನೀರು ಮಾತ್ರ:
ಸಾವಿರದೆಂಟುನೂರ ಎಪ್ಪತ್ತೊಂದನೇ ಇಸವಿಯ ನೀರು,
ಮೊದಲು ತೋಡಿದವರ ನೀರು,
ಆರು ಷೇರು, ಹೊಲಿಗೆ ಯಂತ್ರದ ಡ್ರಾಯರಿನಿಂದ
ಗುಂಡಿಗಳ ಜೊತೆ ಹೊರಬಂದದ್ದು.

ಕಾಲುವೆಯಲ್ಲಿ ಬಂದದ್ದೆಷ್ಟು ಎಂದಲ್ಲ ಕೋರ್ಟು ಕೇಳಿದ್ದು.
ಬೇರು ಕುಡಿದದ್ದೆಷ್ಟು?
ಇಂಗಿ ಹೊಳೆಗೆ ಮರಳಿದ್ದು ಹೊಳೆಯದೇ.
ಎಲೆಯ ತುದಿಯಿಂದ ಹಾರಿ
ಯಾರ ಕೈಗೂ ಸಿಗದೆ ಹೋಯಿತಲ್ಲ,
ಅಷ್ಟೇ ನಿಮ್ಮ ಆಸ್ತಿ.
ಕಳೆದುಕೊಂಡದ್ದನ್ನು ಮಾತ್ರ ಮಾರಬಹುದು.
ಲವೀನಾ ನಕ್ಕರು:
'ಹಾಗಿದ್ದರೆ ಈ ಜಿಲ್ಲೆಯಲ್ಲಿ ನನ್ನಂಥ ಸಾಹುಕಾರಳಿಲ್ಲ.'

ಐವತ್ತನಾಲ್ಕರ ಜುಲೈ ಖಾಲಿ ಹಾಳೆ.
ಕೆಳಗಿನ ಕಾಲುವೆಯ ವಕೀಲ ಅದರ ಮೇಲೆ ಬೆರಳಿಟ್ಟ.
ಸೊನ್ನೆ ಎಂದು ಬರೆದುಕೊಂಡರು. ಸರಾಸರಿ ಇಳಿಯಿತು.
ಅಪ್ಪನ ಕೈಬರಹ ಹೌದೇ ಎಂದರು, ಹೌದು ಎಂದೆ.
ಅಷ್ಟೇ ಕೇಳಿದ್ದು.

ಆಗ ಎಂಟು ವರ್ಷ ನನಗೆ, ಲಾಟೀನು ಹಿಡಿದವಳು ನಾನೇ.
ತೂಬಿನ ಹಲ್ಲಿಗೆ ಗೋಣಿ ಸುತ್ತಿ
ಸದ್ದಾಗದಂತೆ ತಿರುಗಿಸಿದ ಅಪ್ಪ,
ನಾಲ್ಕು ರಾತ್ರಿ.
ಸರದಿ ಕೆಳಗಿನ ಕಾಲುವೆಯದು,
ಬಾಡಿ ಮಲಗಿದ್ದು ರೋಥ್ ಅವರ ಬೀಟು.
ಕತ್ತಲಲ್ಲಿ ಸಾಲಿನಿಂದ ಸಾಲಿಗೆ ನೀರು ಬಾಯಿ ಹಾಕುವ ಸದ್ದು,
ಕರು ಕೆಚ್ಚಲು ಗುಮ್ಮಿದ ಹಾಗೆ.
ಬರೆಯದಿರಲೆಂದೋ ಏನೋ
ಪೆನ್ಸಿಲು ತೆಗೆದು ನನ್ನ ಕೈಗೆ ಕೊಟ್ಟಿದ್ದ.
ಬೆಳಿಗ್ಗೆ ಅದರಲ್ಲಿ ನಾನು ಕೋಳಿ ಬರೆದೆ, ಹಿಟ್ಟಿನ ಚೀಲದ ಮೇಲೆ.

ಈಗ ಕಂಪನಿಯ ಕಚೇರಿಯಲ್ಲಿ
ತಿಂಗಳ ಫಾರಂ ತುಂಬುವವಳು ನಾನು.
ಡಿಸೆಂಬರ್: ಹೆಪ್ಪುಗಟ್ಟಿದ ದಿನ ಹತ್ತೊಂಬತ್ತು, ಆಕಾಶಕ್ಕೆ ರಜೆ.
ಜುಲೈ: ಸಾಲ ಏಳು ಎಕರೆ-ಅಡಿ, ಕೊಟ್ಟದ್ದು ಏಳೂಕಾಲು.
ಹೊಂಡದಲ್ಲಿ ಬಾತುಗಳಿವೆ. ಅವುಗಳಿಗೆ ಕಾಲಮ್ಮಿಲ್ಲ.

ಇನ್ನೆಂದೂ ನೀರು ಮುಟ್ಟಬಾರದೆಂದು
ನೋಂದಣಿಯಾಗಿದೆ ರೋಥ್ ಹೊಲ.
ಒಣಗಿದೆ ಎಂಬುದಕ್ಕೆ ಫೋಟೊ ಬೇಕು, ಪ್ರತಿ ಆಗಸ್ಟ್.
ಹೋದೆ. ಕಾಲಡಿ ಚುರುಗುಟ್ಟುವ ಬೂದಿಬಣ್ಣದ ಕಳೆ,
ಮುರಿದ ಕಾಲುವೆಯಲ್ಲಿ ಹಾವಿನ ಪೊರೆ.
ಹೊಳೆಯ ಕಡೆಯ ತಗ್ಗಿನಲ್ಲಿ ಮಾತ್ರ
ಒಂದು ಮಂಚದಷ್ಟು ಕುದುರೆ ಮೆಂತೆ,
ನೇರಳೆ ಹೂ ಬಿಟ್ಟು, ಜೇನು ಕೂರಿಸಿಕೊಂಡು.
ಬೇರು ಹದಿನೈದು ಅಡಿ ಇಳಿದು
ಯಾರ ನೀರನ್ನೋ
ಯಾರನ್ನೂ ಕೇಳದೆ ಕುಡಿಯುತ್ತಿತ್ತು.

ಕ್ಯಾಮೆರಾವನ್ನು ಸ್ವಲ್ಪ ಎಡಕ್ಕೆ ತಿರುಗಿಸಿದೆ.